ನಿಧಾನ ಕಲಿಯಲು ಹೋದ ನಮ್ಮ ಭಾವ

ನಮ್ಮ ಅಕ್ಕನ ಗಂಡ, ಅಂದರೆ ನನ್ನ ಭಾವ, ಜೀವಮಾನದಲ್ಲಿ ಅತ್ಯಂತ ಕಷ್ಟಪಟ್ಟು ಕಲಿತ ವಿದ್ಯೆ ಎಂದರೆ ನಿಧಾನ. ನಮ್ಮಂಥವರು ತಾಯಿಯ ಹೊಟ್ಟೆಯಿಂದಲೇ ಕಲಿತು ಬರುವ ಈ ವಿದ್ಯೆ ಅವರಿಗೆ ನಲವತ್ತು ದಾಟಿದ ಮೇಲೆ ಬೇಕಾಯಿತು. ಕಲಿತದ್ದೂ ಸರ್ಕಾರದ ಖರ್ಚಿನಲ್ಲಿ.

ಭಾವ ಪೆಟ್ಟಿಗೆ ಕಾರ್ಖಾನೆಯಲ್ಲಿ ಮೊಳೆ ಹೊಡೆಯುತ್ತಿದ್ದರು. ನಮ್ಮೂರಿನಿಂದ ಹೊರಗೆ ಹೋಗುವ ಸೋಪು, ಬಾಟಲಿ, ಬೂಟು, ಹಣ್ಣು ಎಲ್ಲವೂ ಅವರು ಹೊಡೆದ ಮರದ ಪೆಟ್ಟಿಗೆಯಲ್ಲೇ ರೈಲು ಹತ್ತಬೇಕು. ಅಲ್ಲಿ ದಿನಗೂಲಿ ಇರಲಿಲ್ಲ, ಪೆಟ್ಟಿಗೆಗೆ ಇಷ್ಟು ಎಂದು ಲೆಕ್ಕ. ಹೀಗಾಗಿ ಮದುವೆ, ಬಾಡಿಗೆ, ಗಂಡನ ಮನೆ ಸೇರಿದ ಮಗಳ ಹೆರಿಗೆ ಎಲ್ಲವನ್ನೂ ಅವರು ಸುತ್ತಿಗೆಯ ವೇಗದಿಂದಲೇ ದಾಟಿದ್ದರು. ಬಾಯಿ ತುಂಬ ಮೊಳೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಎಡಗೈಗೆ ಕೊಟ್ಟು, ಬಲಗೈಯಲ್ಲಿ ಒಂದೇ ಏಟು. ಎರಡನೆಯ ಏಟನ್ನು ಕಂಡವರಿಲ್ಲ. ಅವರು ಕೆಲಸ ಶುರುಮಾಡಿದರೆ ಪಕ್ಕದ ಬೀದಿಯ ಹೆಂಗಸರು ಮಳೆ ಬಂತೆಂದು ಒಣಗಲು ಹಾಕಿದ ಬಟ್ಟೆ ತೆಗೆಯುತ್ತಿದ್ದರು. ಒಮ್ಮೆ ಬಗ್ಗಿ ನೋಡಲು ಬಂದ ಮೇಲ್ವಿಚಾರಕನ ಟೈ ಸಮೇತ ಪೆಟ್ಟಿಗೆ ಮುಚ್ಚಿ ಕಳಿಸಿಬಿಟ್ಟರಂತೆ. ಆತ ತನ್ನ ಟೈ ಹಿಂದೆ ಸ್ಟೇಷನ್ನಿನ ತನಕ ಓಡಿದ್ದನ್ನು ನಾನು ನೋಡಿಲ್ಲ. ನೋಡಿದೆ ಎನ್ನುವವರು ಇಬ್ಬರು ಇನ್ನೂ ಬದುಕಿದ್ದಾರೆ, ಇಬ್ಬರೂ ನನ್ನಷ್ಟೇ ಸತ್ಯವಂತರು.

ಆಮೇಲೆ ಆ ಕೆಟ್ಟ ಕಾಲ ಬಂತು. ಬರ ಬಂದರೆ ಕಣಜ ಬರಿದಾಗಿ ಹಸಿವಾಗುತ್ತದೆ, ಅದು ಯಾರಿಗಾದರೂ ಅರ್ಥವಾಗುವ ಮಾತು. ಇದು ಹಾಗಲ್ಲ. ಗೋದಾಮಿನಲ್ಲಿ ಸೋಪು ಛಾವಣಿ ಮುಟ್ಟಿತ್ತು, ಊರಿನ ಜನರ ಮೈಮೇಲೆ ಕೊಳೆ ಮೂಳೆ ಮುಟ್ಟಿತ್ತು. ಬೂಟಿನ ಕಾರ್ಖಾನೆಯವನು ಸೋಪು ಕೊಳ್ಳಲಿಲ್ಲ, ಯಾಕೆಂದರೆ ಸೋಪಿನವನು ಬೂಟು ಕೊಳ್ಳಲಿಲ್ಲ. ಇಬ್ಬರೂ ಕೊಳ್ಳದ ಮೇಲೆ ಪೆಟ್ಟಿಗೆ ಯಾರಿಗೆ ಬೇಕು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ, ನೀನು ಮೊದಲು ಕೊಳ್ಳು ನೀನು ಮೊದಲು ಕೊಳ್ಳು ಎಂದು ಕೈಕಟ್ಟಿ ಕೂತರು. ನಮ್ಮ ಬೀದಿಯಲ್ಲಿ ಕಳ್ಳನೊಬ್ಬ ಮನೆಗೆ ನುಗ್ಗಿ, ಒಳಗಿನ ಸ್ಥಿತಿ ನೋಡಿ, ತನ್ನ ಜೇಬಿನಲ್ಲಿದ್ದ ಬೀಡಿಯನ್ನು ಅಲ್ಲೇ ಇಟ್ಟು ಹೋದ.

ಕಾರ್ಖಾನೆಗೆ ಬೀಗ ಬಿತ್ತು. ಭಾವನ ಕೈ ಮಾತ್ರ ನಿಲ್ಲಲಿಲ್ಲ. ಮುಚ್ಚಿದ ಲಾಂಡ್ರಿಯ ಮೇಲಿನ ಎರಡು ಕೋಣೆಯ ಮನೆ ಅವರದು. ಕುರ್ಚಿಯ ಕಾಲು, ಕಿಟಕಿಯ ಬಾಗಿಲು, ಬಕೆಟ್ಟಿನ ಹಿಡಿ, ಕಂಡದ್ದಕ್ಕೆಲ್ಲ ಮೊಳೆ ಬಿತ್ತು. ಮನೆಯಲ್ಲಿದ್ದ ಬಟ್ಟೆಗಿಂತ ಅವನ್ನು ನೇತುಹಾಕುವ ಗೂಟಗಳೇ ಗೋಡೆಯಲ್ಲಿ ಹೆಚ್ಚಾದವು. ಅಕ್ಕ ಅಂಗಿಯ ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿಯುತ್ತ ಒಂದು ದಿನ ತಲೆ ಎತ್ತದೆ ಹೇಳಿದಳು: “ಈ ಮನೇಲಿ ಅಲ್ಲಾಡೋ ವಸ್ತು ಅಂತ ಉಳಿದಿರೋದು ನಾನೊಬ್ಳೇ. ನನಗೂ ಒಂದು ಹೊಡೆದುಬಿಡಿ, ನೆಮ್ಮದಿ ಆಗ್ಲಿ.”

ಸರ್ಕಾರ ಮೊದಲು ಧೈರ್ಯ ಹಂಚಿತು. ಧೈರ್ಯಕ್ಕೆ ಖರ್ಚಿಲ್ಲ. ರೇಡಿಯೋದಲ್ಲಿ ದಿನಾ ಒಬ್ಬರು ಬಂದು ಎಲ್ಲ ಸರಿಹೋಗುತ್ತದೆ ಅನ್ನುತ್ತಿದ್ದರು, ಜನ ರೇಡಿಯೋ ಮಾರಿದರು. ಆಮೇಲೆ ಸಮಿತಿ ಬಂತು, ಸಮಿತಿಯ ಮೇಲೆ ಉಪಸಮಿತಿ ಬಂತು, ಬಿಸಿ ಊಟದ ಸಾಲು ಬಂತು. ಆ ಸಾಲು ಎಷ್ಟು ಉದ್ದವಿತ್ತೆಂದರೆ ಬಾಲದಲ್ಲಿ ನಿಂತವನು ತಲೆ ತಲುಪುವಷ್ಟರಲ್ಲಿ ಅವನಿಗೆ ಮುಂದಿನ ಹೊತ್ತಿನ ಹಸಿವು ಶುರುವಾಗುತ್ತಿತ್ತು. ಕೊನೆಗೆ ರಾಜಧಾನಿಯಲ್ಲಿ ಯಾರಿಗೋ ಬುದ್ಧಿ ಹೊಳೆಯಿತು. ಅವರ ಮನೆಯಲ್ಲೂ ಕೆಲಸವಿಲ್ಲದ ಭಾವನೊಬ್ಬ ಕೂತಿದ್ದಿರಬೇಕು. ಕೂತವರಿಗೆ ಊಟ ಹಾಕುವ ಬದಲು ಕೆಲಸ ಕೊಡೋಣ, ಊರಿಗೆ ಬೇಕಾದ್ದನ್ನು ಅವರಿಂದಲೇ ಮಾಡಿಸೋಣ, ಕೂಲಿ ಕೈಗೆ ಹೋದರೆ ಆ ಕೈ ಅಂಗಡಿಗೆ ಹೋಗುತ್ತದೆ ಎಂದು ಯೋಜನೆಯಾಯಿತು. ಒಂದು ಊರಿಗೆ ರಸ್ತೆ ಬಂತು, ಇನ್ನೊಂದಕ್ಕೆ ಕಾಲುವೆ. ನಮ್ಮೂರಿನ ಪಾಲಿಗೆ ಜಿಲ್ಲೆಯ ಶಾಲೆಗಳ ಡೆಸ್ಕುಗಳು. ಜಾಗ ಯಾವುದೆಂದರೆ ಬೀಗ ಬಿದ್ದಿದ್ದ ಅದೇ ಪೆಟ್ಟಿಗೆ ಕಾರ್ಖಾನೆಯ ಶೆಡ್ಡು.

ಭಾವನ ಜೊತೆ ನಾನೂ ಸೇರಿದೆ. ಆಗ ನಾನು ಟೋಪಿ ಅಂಗಡಿಯಿಂದ ಹೊರಬಿದ್ದಿದ್ದೆ. ಶೆಡ್ಡಿನಲ್ಲಿ ಸುತ್ತಿಗೆಯ ಯಾವ ತುದಿ ಹಿಡಿಯಬೇಕೆಂದು ಬಲ್ಲವರು ಭಾವ ಒಬ್ಬರೇ. ಉಳಿದವರಲ್ಲಿ ಒಬ್ಬ ಕ್ಷೌರಿಕ, ಊರೆಲ್ಲ ಗಡ್ಡ ಬಿಟ್ಟದ್ದರಿಂದ ಬೀದಿಗೆ ಬಂದವನು. ಪಿಟೀಲು ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು, ಅವರನ್ನು ಪಿಟೀಲಜ್ಜ ಅನ್ನುತ್ತಿದ್ದೆವು. ದರ್ಜಿಗಳು, ಅಡುಗೆಯವರು, ಬ್ಯಾಂಕಿನ ಗುಮಾಸ್ತರು. ನಮ್ಮನ್ನು ನೋಡಿಕೊಳ್ಳಲು ಸರ್ಕಾರ ನೇಮಿಸಿದ ಅಧಿಕಾರಿಯೂ ನಮ್ಮ ಜಾತಿಯವರೇ: ವಿಮಾ ಏಜೆಂಟರಾಗಿದ್ದು ಕೆಲಸ ಕಳೆದುಕೊಂಡವರು. ಬದುಕಿಗೇ ಗ್ಯಾರಂಟಿ ಇಲ್ಲದಾಗ ಸಾವಿಗೆ ವಿಮೆ ಯಾರು ಮಾಡಿಸುತ್ತಾರೆ? ನಾವು ಅವರನ್ನು ವಿಮೆ ಸಾಹೇಬರು ಅಂದೆವು.

ಮೊದಲ ದಿನವೇ ಸಾಹೇಬರು ನಿಯಮ ಓದಿ ಹೇಳಿದರು. ಇಷ್ಟು ಡೆಸ್ಕು ಮಂಜೂರಾಗಿದೆ, ಚಳಿಗಾಲ ಕಳೆಯುವ ತನಕ ಕೆಲಸ ಎಂದು ಅಂದಾಜು. ದಿನಗೂಲಿ. ಮುಂದಿನ ಮಂಜೂರಾತಿ ಹೊಸ ಬಜೆಟ್ಟಿನಲ್ಲಿ ಮಾತ್ರ. ಡೆಸ್ಕು ಮೊದಲೇ ಮುಗಿದರೆ ಶೆಡ್ಡಿಗೆ ಬೀಗ, ಎಲ್ಲರೂ ಮನೆಗೆ.

ಭಾವ ಇದನ್ನು ಕೇಳಿಸಿಕೊಂಡರೋ ಇಲ್ಲವೋ. ಅಷ್ಟರಲ್ಲಿ ಬಾಯಲ್ಲಿ ಮೊಳೆ ತುಂಬಿತ್ತು. ಎಷ್ಟೋ ತಿಂಗಳಿಂದ ಕಟ್ಟಿಹಾಕಿದ್ದ ಕೈಗೆ ಹಲಗೆ ಸಿಕ್ಕಿದೆ, ಸುತ್ತಿಗೆ ಸಿಕ್ಕಿದೆ. ಹಸಿದ ಎತ್ತಿಗೆ ಹುಲ್ಲಿನ ಬಣವೆ ಸಿಕ್ಕ ಹಾಗೆ ನುಗ್ಗಿದರು. ನಾವು ಒಂದು ಡೆಸ್ಕಿಗೆ ನಾಲ್ಕು ಜನ ಸೇರಿ, ಬೆರಳಿಗೊಂದು ಏಟು ಮೊಳೆಗೊಂದು ಏಟು ಹೊಡೆದುಕೊಂಡು, ಸಂಜೆಗೆ ಮೂರು ಕಾಲಿನ ಪ್ರಾಣಿಯೊಂದನ್ನು ನಿಲ್ಲಿಸುತ್ತಿದ್ದೆವು. ಭಾವನ ಹಿಂದೆ ಡೆಸ್ಕುಗಳು ಮರಿ ಹಾಕುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಶೆಡ್ಡಿನ ಆ ತುದಿ ಕಾಣುತ್ತಿರಲಿಲ್ಲ.

ಶನಿವಾರ ಊಟದ ಹೊತ್ತಿಗೆ ವಿಮೆ ಸಾಹೇಬರು ಡೆಸ್ಕುಗಳನ್ನು ನೋಡಿ ಬೆವರಿದರು. ಇದೇ ವೇಗದಲ್ಲಿ ಹೋದರೆ ಚಳಿ ಶುರುವಾಗುವ ಮುಂಚೆಯೇ ಬೀಗ. ಆಗ ಕ್ಷೌರಿಕ ಎದ್ದು ಹೋಗಿ ಭಾವನ ಎದುರು ಕುಕ್ಕರಗಾಲಲ್ಲಿ ಕೂತ. ಕತ್ತರಿ ಹಿಡಿದವನು ಮಾತಿನಲ್ಲೂ ಮೆತ್ತಗೆ. “ಅಣ್ಣಾ, ನಿನ್ನ ಕೈ ದೊಡ್ಡದು, ಒಪ್ಕೊಂಡೆ. ಆದ್ರೆ ನೀನು ಹೊಡೀತಿರೋದು ಹಲಗೆಗಲ್ಲ, ನಮ್ಮ ಹೊಟ್ಟೆಗೆ. ಸ್ವಲ್ಪ ನಿಧಾನ ಮಾಡು.”

ಭಾವ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗಿದುಕೊಂಡು, ಎಲ್ಲರ ಮುಖ ನೋಡಿ, ಆಗಲಿ ಅಂದರು.

ಅನ್ನುವುದು ಸುಲಭ. ಸೋಮವಾರ ಎಡಗೈಯಲ್ಲಿ ಸುತ್ತಿಗೆ ಹಿಡಿದರು. ಎರಡು ದಿನದಲ್ಲಿ ಎಡಗೈ ಬಲಗೈಯನ್ನು ಮೀರಿಸಿತು. ಅಕ್ಕ ಮಣಿಕಟ್ಟಿಗೆ ಇಸ್ತ್ರಿಪೆಟ್ಟಿಗೆ ಕಟ್ಟಿ ಕಳಿಸಿದಳು. ತೂಕ ಸೇರಿ ಏಟು ಇನ್ನೂ ಜೋರಾಗಿ ಬಿತ್ತು. ಒಂದೊಂದು ಮೊಳೆಗೆ ಒಂದೊಂದು ಹಾಡು ಹೇಳಿ ಎಂದು ನಾನು ಸಲಹೆ ಕೊಟ್ಟೆ. ಊರಿನಲ್ಲಿದ್ದ ಹಾಡುಗಳು ಮಧ್ಯಾಹ್ನಕ್ಕೇ ಮುಗಿದವು. ಬಲವಂತವಾಗಿ ಕೈಯನ್ನು ಹಿಡಿದು ಹಿಡಿದು ಹೊಡೆದರೆ ಮೊಳೆ ಸೊಟ್ಟಗಾಗುತ್ತಿತ್ತು. ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ಹೆದರಿದ ಏಟಿಗೆ ಮೊಳೆ ಬಗ್ಗುತ್ತದೆ, ಬೇಕಾದರೆ ಹೊಡೆದು ನೋಡಿ. ಸೊಟ್ಟ ಮೊಳೆಯ ಡೆಸ್ಕು ಅಲ್ಲಾಡುತ್ತದೆ, ಅದರ ಮೇಲೆ ಯಾರದೋ ಮಗು ಕೂರುತ್ತದೆ. ಇದನ್ನು ನೆನೆದರೆ ಭಾವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಬೆಳಿಗ್ಗೆ ತಮ್ಮ ವೇಗದಲ್ಲಿ ಡೆಸ್ಕು ಮಾಡುವುದು, ಮಧ್ಯಾಹ್ನ ಆ ಡೆಸ್ಕುಗಳನ್ನೇ ಬಿಚ್ಚುವುದು. ಪೆಟ್ಟಿಗೆ ಕೆಲಸದವರಿಗೆ ಮೊಳೆಯನ್ನು ನೆಟ್ಟಗೆ ಕೀಳುವ ಕಲೆ ಗೊತ್ತು, ಹಲಗೆಗೆ ಗಾಯವಾಗುವುದಿಲ್ಲ. ಸಂಜೆಗೆ ಶೆಡ್ಡು ಬೆಳಿಗ್ಗೆ ಇದ್ದ ಹಾಗೇ. ವಿಮೆ ಸಾಹೇಬರು ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಕಡೆ ತಿರುಗಿ ಹವಾಮಾನ ವಿಚಾರಿಸುತ್ತಿದ್ದರು. ಎಲ್ಲರಿಗೂ ಸಮಾಧಾನ. ಸಮಾಧಾನವಿಲ್ಲದವರು ಭಾವ ಒಬ್ಬರು.

ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದಳು. ಅವರು ರೊಟ್ಟಿಯನ್ನು ಮುರಿದು, ಮತ್ತೆ ಜೋಡಿಸಿ, ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ, ಶೆಡ್ಡಿನಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದಳು. ನಾನು ಬಾಯಿಬಿಡುವ ಮುಂಚೆ ಭಾವನೇ ಒಳಗಿನಿಂದ ಹೇಳಿದರು: “ಕೆಲ್ಸ ಇಲ್ದೆ ಕೂತಾಗ ಹಸಿವಿತ್ತು, ಅಷ್ಟೇ. ಈಗ ಕಟ್ಟಿದ್ದನ್ನ ಬಿಚ್ಚಿ ಕೂಲಿ ತಗೊಂಡು ಬರ್ತೀನಿ. ಆ ಕೂಲೀಲಿ ತಂದ ಹಿಟ್ಟು ಇದು.” ಅಕ್ಕ ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ಮುಚ್ಚಿಟ್ಟಳು. ಹಿಟ್ಟು ಬೇಡವೆನ್ನುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ.

ದಾರಿ ತೋರಿಸಿದವರು ಪಿಟೀಲಜ್ಜ. ಅವರು ಶೆಡ್ಡಿನಲ್ಲಿ ಅತಿ ದುಬಾರಿಯಾದ ಕೆಲಸಗಾರ, ಯಾಕೆಂದರೆ ಬಂದ ದಿನದಿಂದ ಏನೂ ಮಾಡಿರಲಿಲ್ಲ. ಸುತ್ತಿಗೆ ಎತ್ತಿದರೆ ಅವರೇ ಅದರ ಹಿಂದೆ ಬೀಳುವಷ್ಟು ಹಗುರ. ಅಲ್ಲದೆ ಮೊಳೆ ಎಂದರೆ ಅವರಿಗೆ ಮೈಯುರಿ; ಪಿಟೀಲಿಗೆ ಯಾರು ಮೊಳೆ ಹೊಡೆಯುತ್ತಾರೆ? ಭಾವ ಡೆಸ್ಕು ಬಿಚ್ಚುವುದನ್ನು ನೋಡುತ್ತ ಕೂತವರು ಒಂದು ಮಧ್ಯಾಹ್ನ ಅಂದರು: “ನಿಂಗೆ ಗೊತ್ತಿರೋ ಕೆಲಸಾನ ನಿಧಾನ ಮಾಡೋಕೆ ಹೋಗಿ ಸಾಯ್ತಿದ್ದೀಯಲ್ಲೋ. ಗೊತ್ತಿಲ್ಲದ್ದು ಮಾಡು. ತಾನಾಗೇ ನಿಧಾನ ಆಗುತ್ತೆ.”

ಅಜ್ಜ ಕಲಿಸಲು ಹೊರಟದ್ದು ಮೊಳೆಯೇ ಇಲ್ಲದೆ ಮರಕ್ಕೆ ಮರ ಕೂಡಿಸುವ ಜೋಡಣೆ. ಒಂದು ಹಲಗೆಯ ಅಂಚಿನಲ್ಲಿ ಹಲ್ಲು ಕೊರೆದು, ಇನ್ನೊಂದರಲ್ಲಿ ಅದಕ್ಕೆ ತಕ್ಕ ಸಂದು ಕೊರೆದು, ಎರಡನ್ನೂ ಕಚ್ಚಿಸಿ, ಮರದ ಬೆಣೆ ಹೊಡೆಯುವುದು. ಕೂದಲೆಳೆ ಹೆಚ್ಚಾದರೆ ಕೂರುವುದಿಲ್ಲ, ಕೂದಲೆಳೆ ಕಡಿಮೆಯಾದರೆ ನಿಲ್ಲುವುದಿಲ್ಲ. ಭಾವ ಮೊದಲ ಹಲ್ಲು ಕೊರೆಯಲು ಇಡೀ ದಿನ ತೆಗೆದುಕೊಂಡರು, ಅದೂ ಮುರಿಯಿತು. ಎರಡನೆಯದೂ ಮುರಿಯಿತು. ಊರಿನಲ್ಲಿ ಗಾಳಿಯಷ್ಟು ವೇಗ ಎನ್ನಿಸಿಕೊಂಡ ಮನುಷ್ಯ ಉಳಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಅಕ್ಷರ ತೀಡುವ ಮಗುವಿನಂತೆ ಕೂತದ್ದನ್ನು ನೋಡಲು ನಾವು ಕೆಲಸ ಬಿಟ್ಟು ನಿಂತೆವು. ಅಜ್ಜ ಬೆರಳಿನಿಂದ ಸಂದನ್ನು ಸವರಿ ಸವರಿ, ಇಲ್ಲ, ಇನ್ನೊಂದು, ಇಲ್ಲ, ಇನ್ನೊಂದು ಅನ್ನುತ್ತಿದ್ದರು. ಅವರಿಗೂ ಅಂದು ಮೊದಲ ಬಾರಿಗೆ ಕೂಲಿ ಹಕ್ಕಿನದೆನ್ನಿಸಿರಬೇಕು, ಬೆನ್ನು ನೆಟ್ಟಗಾಗಿತ್ತು.

ಕ್ಷೌರಿಕ ಎಲ್ಲರಿಗಿಂತ ಬೇಗ ಕಲಿತ. ಕೂದಲೆಳೆಯ ಲೆಕ್ಕ ಅವನಿಗೆ ಹೊಸದಲ್ಲ. ದರ್ಜಿಗಳೂ ಕಲಿತರು. ನಾನು ಕಲಿಯಲಿಲ್ಲ, ಆದರೆ ಕಲಿಯುವವರಿಗೆ ಚಹಾ ತಂದುಕೊಡುವುದರಲ್ಲಿ ಪರಿಣತನಾದೆ. ಮರದ ಬೆಣೆಯನ್ನು ಬಾಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲವಾದ್ದರಿಂದ ಭಾವ ಮಾತಾಡತೊಡಗಿದರು. ಇಷ್ಟು ವರ್ಷ ಸುತ್ತಿಗೆಯ ಜೊತೆ ಸಂಸಾರ ಮಾಡಿದೆ, ಈಗ ಗಂಡ ಸಿಕ್ಕಿದಾರೆ, ಆದರೆ ಬಾಯೇ ಮುಚ್ಚುತ್ತಿಲ್ಲ ಎಂದು ಅಕ್ಕ ಬಾವಿಕಟ್ಟೆಯಲ್ಲಿ ದೂರುತ್ತಿದ್ದಳಂತೆ. ತಟ್ಟೆಯಲ್ಲಿ ರೊಟ್ಟಿ ಉಳಿಯುತ್ತಿರಲಿಲ್ಲ.

ಹೀಗೆ ಚಳಿಗಾಲದ ಅರ್ಧ ದಾಟಿತು. ಆಗ ರಾಜಧಾನಿಯಿಂದ ಇನ್ಸ್‌ಪೆಕ್ಟರು ಬಂದರು. ದಪ್ಪ ಮನುಷ್ಯ. ಒಂದು ಡೆಸ್ಕಿನ ಮೇಲೆ ಕೂತು ಹಿಂದೆ ಮುಂದೆ ತೂಗಿ ನೋಡಿದರು; ಡೆಸ್ಕು ಉಸಿರೆತ್ತಲಿಲ್ಲ. ಮೆಚ್ಚಿಕೊಂಡು ಎದ್ದವರು ಉಗ್ರಾಣಕ್ಕೆ ಹೋದರು. ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೊದಲ ವಾರ ತೆರೆದ ಒಂದನ್ನು ಬಿಟ್ಟರೆ ಮೊಳೆಯ ಪೀಪಾಯಿಗಳೆಲ್ಲ ಮುಚ್ಚಳ ತೆಗೆಯದೆ ಸಾಲಾಗಿ ನಿಂತಿದ್ದವು.

ಸರ್ಕಾರದಲ್ಲಿ ಕಳ್ಳತನಕ್ಕೊಂದು ದಾರಿ ಇದೆ, ಅದಕ್ಕೆ ವಿಚಾರಣೆ ಉಂಟು, ಶಿಕ್ಷೆ ಉಂಟು. ಉಳಿತಾಯಕ್ಕೆ ದಾರಿಯೇ ಇಲ್ಲ. ವಿಮೆ ಸಾಹೇಬರು ತೊದಲುತ್ತ ಜೋಡಣೆ, ಬಾಳಿಕೆ, ಪಿಟೀಲು ಎಂದೆಲ್ಲ ವಿವರಿಸಿದರು. ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸುಸ್ತಾದ ದನಿಯಲ್ಲಿ ಹೇಳಿದರು: “ಇಲ್ಲಿಗೆ ಬರೋ ಮುಂಚೆ ಮೊಳೆ ಮಾಡೋ ಊರಿಗೆ ಹೋಗಿದ್ದೆ. ಅಲ್ಲೂ ನಿಮ್ಮಂಥೋರೇ ಇದಾರೆ. ನೀವು ಖಾಲಿ ಮಾಡಿದ್ರೆ ಅವರಿಗೆ ಮುಂದಿನ ಆರ್ಡರು. ಇನ್ನೂ ಖಾಲಿ ಆಗಿಲ್ಲ, ಇನ್ನೂ ಖಾಲಿ ಆಗಿಲ್ಲ ಅಂತ ಕಾಯ್ತಾ ಗೇಟಲ್ಲಿ ಕೂತಿದಾರೆ.”

ನಾವು ಮರವನ್ನು ನೋಡಿದ್ದೆವು, ಮಗುವನ್ನು ನೋಡಿದ್ದೆವು, ನಮ್ಮ ಹೊಟ್ಟೆಯನ್ನಂತೂ ನೋಡಿಯೇ ಇದ್ದೆವು. ಮೊಳೆಯ ಹಿಂದೆ ಒಂದು ಊರಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಸೋಪಿನವನು ಬೂಟು ಕೊಳ್ಳದ ಕಥೆಯನ್ನೇ ನಾವು ನಮ್ಮ ಒಳ್ಳೆಯತನದಿಂದ ಇನ್ನೊಮ್ಮೆ ನಡೆಸಿದ್ದೆವು. ಇನ್ಸ್‌ಪೆಕ್ಟರ ಮುಂದಿನ ಮಾತು ಇನ್ನೂ ಕೆಟ್ಟದಾಗಿತ್ತು. ಸಾಮಾನು ಬಳಸಿಲ್ಲ, ಅರ್ಧ ಚಳಿಗಾಲಕ್ಕೆ ಆಗಬೇಕಾದಷ್ಟು ಡೆಸ್ಕೂ ಆಗಿಲ್ಲ. ಉಳಿದ ಡೆಸ್ಕುಗಳನ್ನು ನದಿಯಾಚೆಯ ಊರಿನ ಇಂಥದೇ ಶೆಡ್ಡಿಗೆ ವಹಿಸಿ ಇದನ್ನು ಮುಚ್ಚುವುದು ತಮ್ಮ ಕರ್ತವ್ಯ ಎಂದರು. ಬೇಗ ಮುಗಿಸಿದರೆ ಬೀಗ ಬೀಳುತ್ತದೆಂದು ಹೆದರಿದ್ದವರಿಗೆ ಮುಗಿಸದ್ದಕ್ಕೆ ಬೀಗ ಬೀಳುವ ಕಾಲ ಬಂತು.

ಭಾವ ಉಳಿ ಕೆಳಗಿಟ್ಟರು. ನಡೆದು ಹೋಗಿ ಒಂದು ಪೀಪಾಯಿಯ ಮುಚ್ಚಳ ಎಬ್ಬಿಸಿ, ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡರು. ಜೋಡಣೆ ಮುಗಿದ ಡೆಸ್ಕುಗಳ ಸಾಲಿಗೆ ಬಂದು ಶುರುಮಾಡಿದರು. ಪ್ರತಿ ಸಂದಿಗೂ ಸರ್ಕಾರ ಹೇಳಿದಷ್ಟು ಮೊಳೆ, ಒಂದೊಂದಕ್ಕೆ ಒಂದೇ ಏಟು. ಎಷ್ಟೋ ವಾರ ಹಿಡಿದಿಟ್ಟಿದ್ದ ಕೈ ಅಣೆಕಟ್ಟು ಒಡೆದಂತೆ ಹರಿಯಿತು. ಶೆಡ್ಡಿನ ತಗಡು ನಡುಗಿತು, ಹೊರಗೆ ನಾಯಿಗಳು ಬೊಗಳಿದವು, ಪಕ್ಕದ ಬೀದಿಯಲ್ಲಿ ಹೆಂಗಸರು ಬಟ್ಟೆ ತೆಗೆದರಂತೆ. ಇನ್ಸ್‌ಪೆಕ್ಟರು ಒಂದು ಸಿಗರೇಟು ಹೊತ್ತಿಸಿ ಸೇದುವುದನ್ನು ಮರೆತರು. ಅದು ಬೆರಳು ಸುಡುವಷ್ಟರಲ್ಲಿ ಆ ಪೀಪಾಯಿಯ ತಳ ಕಾಣುತ್ತಿತ್ತು. ಪಿಟೀಲಜ್ಜ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತರು. ತಾವು ಬೆರಳಲ್ಲಿ ಸವರಿ ಒಪ್ಪಿದ ಒಂದೊಂದು ಸಂದಿಗೂ ಕಬ್ಬಿಣ ಇಳಿಯುವ ಸದ್ದು ಅವರ ಬೆನ್ನಿನಲ್ಲಿ ಕಾಣುತ್ತಿತ್ತು.

ಸಾಲು ಮುಗಿಸಿ ಭಾವ ಬಾಯಿ ಖಾಲಿ ಮಾಡಿಕೊಂಡರು. “ಜೋಡಣೆ ಇವರು ಮಾಡ್ತಾರೆ ಸಾರ್, ಕೈ ಪಳಗಿದೆ, ಆದ್ರೂ ಅದು ದಿನ ಎಳೀಲಿ. ಮೊಳೆ ನಾನು ಹೊಡೀತೀನಿ, ಅದು ಖಾಲಿ ಆಗ್ಲಿ. ಎರಡೂ ಸೇರಿದ್ರೆ ಬಾಕಿ ಡೆಸ್ಕೂ ನಿಮ್ಮ ಲೆಕ್ಕದ ದಿನಕ್ಕೆ ಸರಿಯಾಗಿ ಮುಗಿಯುತ್ತೆ. ಬೀಗ ಹಾಕ್ಬೇಡಿ.”

ಇನ್ಸ್‌ಪೆಕ್ಟರು ಉಗ್ರಾಣದ ಕಡೆ ನೋಡಿದರು, ಡೆಸ್ಕುಗಳ ಕಡೆ ನೋಡಿದರು. ಮರಕ್ಕೆ ಈ ಮೊಳೆ ಬೇಕಿತ್ತಾ ಎಂದು ಕೇಳಿದರು. ಮರಕ್ಕೆ ಬೇಕಿರಲಿಲ್ಲ ಎಂದು ಭಾವ ಹೇಳಿದರು. ಅಷ್ಟಕ್ಕೆ ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು ಹೊರಟರು. ಶೆಡ್ಡು ಮುಚ್ಚಲಿಲ್ಲ. ತಿಂಗಳೊಳಗೆ ಹೊಸ ಪೀಪಾಯಿಗಳು ಬಂದವು, ಹೊಸದಾಗಿ ಅಚ್ಚು ಹೊಡೆದ ಮುಚ್ಚಳದವು. ಭಾವ ಮೊದಲನೆಯದನ್ನು ತೆರೆದು ಒಂದು ಮೊಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಪಿಟೀಲಜ್ಜ ಒಂದು ವಾರ ಅವರ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ದಿನ, ಹೊಡೆಯುವುದೇ ಆದರೆ ಸಂದಿನ ಹಲ್ಲು ಸೀಳದ ಹಾಗೆ ಇಲ್ಲಿ ಹೊಡಿ ಎಂದು ಸೀಸದಕಡ್ಡಿಯಿಂದ ಚುಕ್ಕಿ ಇಟ್ಟು ತೋರಿಸಿದರು.

ವಸಂತದಲ್ಲಿ ಬಜೆಟ್ಟು ಬಂತು, ಮತ್ತಷ್ಟು ಡೆಸ್ಕು, ಆಸ್ಪತ್ರೆಗೆ ಬೆಂಚು, ಓದುಕೋಣೆಗೆ ಕಪಾಟು. ಶೆಡ್ಡು ಇನ್ನೂ ಎರಡು ಚಳಿಗಾಲ ನಡೆಯಿತು. ಕೆಟ್ಟ ಕಾಲ ಹೋದದ್ದು ಯಾವ ದಿನ ಎಂದು ನನಗೆ ಗೊತ್ತಿಲ್ಲ. ಬಂದಾಗ ಬಾಗಿಲು ಒದ್ದುಕೊಂಡು ಬಂತು, ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಹೋಯಿತು. ಮೊದಲು ಕ್ಷೌರಿಕ ಬಿಟ್ಟು ಹೋದ, ಜನ ಗಡ್ಡ ಬೋಳಿಸತೊಡಗಿದ್ದರು. ಆಮೇಲೆ ದರ್ಜಿಗಳು. ನನ್ನನ್ನೂ ಟೋಪಿ ಅಂಗಡಿಯವರು ಕರೆಸಿಕೊಂಡರು. ಪಿಟೀಲಜ್ಜನ ಬಾಗಿಲಿಗೆ ಯಾರೋ ತಂತಿ ಹರಿದ ಪಿಟೀಲು ತಂದರು, ಅಂದೇ ಅವರು ನಾಪತ್ತೆ. ಪೆಟ್ಟಿಗೆ ಕಾರ್ಖಾನೆಯವರು ತಮ್ಮ ಶೆಡ್ಡನ್ನು ವಾಪಸು ಕೇಳಿದರು, ಜೊತೆಗೆ ಭಾವನನ್ನೂ. ಅದೇ ಕೆಲಸ, ಪೆಟ್ಟಿಗೆಗೆ ಇಷ್ಟು.

ಉಳಿದದ್ದು ಒಂದು ಡೆಸ್ಕು. ಅದನ್ನು ಒಪ್ಪಿಸಿದರೆ ವಿಮೆ ಸಾಹೇಬರು ಬೀಗದ ಕೈ ಕೊಟ್ಟು ತಮ್ಮ ಕಂಪನಿಗೆ ಹೋಗಬಹುದು. ಭಾವ ಅದನ್ನು ಬಿಡಲೊಲ್ಲರು. ಒಂದು ಸಂದನ್ನು ಬಿಚ್ಚಿ ಮತ್ತೆ ಕೊರೆದರು. ಮತ್ತೆ ಉಜ್ಜಿದರು. ಶನಿವಾರ ನಾನು ನೋಡಲು ಹೋದಾಗ ಸಾಹೇಬರು ಕೋಟು ತೊಟ್ಟು ಬಾಗಿಲಲ್ಲೇ ನಿಂತಿದ್ದರು.

“ಸೋಮವಾರ ನಾನು ಹಾಜರಾಗ್ಬೇಕಪ್ಪಾ. ನೀನೂ ಹೋಗ್ಬೇಕು. ಅಲ್ಲಿ ದಿನಕ್ಕೆ ಅಷ್ಟು ಪೆಟ್ಟಿಗೆ ಹೊಡೀತಿದ್ದೋನು, ಇದೊಂದಕ್ಕೆ ವಾರ ಮಾಡ್ತೀಯಲ್ಲ.”

“ಅಷ್ಟು ಈಗ ಆಗಲ್ಲ ಸಾರ್. ನೋಡ್ಬೇಕು ಅನ್ಸುತ್ತೆ ಪ್ರತಿ ಸಲ. ಮನೇಲಿ ಹೇಳಿದೀನಿ, ಸಂಪಾದನೆ ಮೊದಲಿನ ಹಾಗಿರಲ್ಲ ಅಂತ.”

“ಏನಂದ್ರು?”

“ಹಿಟ್ಟು ಯಾವುದಾದ್ರೂ ರೊಟ್ಟಿ ಮಾಡ್ತೀನಿ ಅಂದ್ಲು.”

ಕೊನೆಯ ಬೆಣೆ ಕೂತಿತು. ಅಜ್ಜ ಇಟ್ಟು ಹೋಗಿದ್ದ ಚುಕ್ಕಿಗಳ ಮೇಲೆ ಮೊಳೆಗಳೂ ಕೂತವು. ಲಾರಿ ಹೊರಗೆ ಕಾಯುತ್ತಿತ್ತು. ಭಾವ ಒಂದು ಕಡೆ, ಸಾಹೇಬರು ಒಂದು ಕಡೆ ಹಿಡಿದು ಎತ್ತಿದರು. ನಾನು ಬಾಯಿಂದ ಎತ್ತಿದೆ. ಡೆಸ್ಕು ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತ್ತು. ಬೆಣೆ, ಮೊಳೆ, ದಪ್ಪ ಹಲಗೆ ಎಲ್ಲ ಸೇರಿ ಅದನ್ನು ಎತ್ತಲು ನಾಲ್ಕು ಗಟ್ಟಿ ಆಳು ಬೇಕು. ಇಷ್ಟು ದಿನ ಕೂಗಿದರೆ ನಲವತ್ತು ಜನ ಬರುತ್ತಿದ್ದರು.

ನನ್ನನ್ನು ಬೀದಿಗೆ ಕಳಿಸಿದರು. ಕ್ಷೌರಿಕ ಒಬ್ಬರ ಗಲ್ಲದ ಮೇಲೆ ಕತ್ತಿ ಇಟ್ಟಿದ್ದ, ಇಬ್ಬರು ಬೆಂಚಿನಲ್ಲಿ ಕಾಯುತ್ತಿದ್ದರು. ದರ್ಜಿಗಳು ತಲೆ ಎತ್ತಲಿಲ್ಲ. ಬಿಸಿ ಊಟದ ಸಾಲಿದ್ದ ಜಾಗದಲ್ಲಿ ಯಾರೋ ಸೈಕಲ್ಲು ನಿಲ್ಲಿಸಿದ್ದರು. ಮೂಲೆಯ ಕಟ್ಟೆ, ಸ್ಟೇಷನ್ನಿನ ಮೆಟ್ಟಿಲು, ಎಲ್ಲ ಸುತ್ತಿ ಬಂದು, ಊರಿನಲ್ಲಿ ಖಾಲಿ ಕೈಯವರು ಒಬ್ಬರೂ ಸಿಗಲಿಲ್ಲ ಎಂದು ಹೇಳಿದೆ. ಲಾರಿಯವನು ಕಾದು ಕಾದು ಹೊರಟುಹೋದ. ಭಾವ ಆ ಡೆಸ್ಕಿನ ಮೇಲೆ ಕೂತು, ನಾಳೆ ನೋಡೋಣ ಬಿಡಿ ಎಂದರು.